ಚೌರಿ ಪುರಾಣ

ಕಳೆದ ರಾಜ್ಯೋತ್ಸವದ ನಾಟಕದಲ್ಲಿ ದ್ರೌಪದಿಯ ಪಾತ್ರಕ್ಕೆ ಆರಿಸಿದ್ದ ಹುಡುಗಿ ಮಾತು ಚೆನ್ನಾಗಿ ಆಡುತ್ತಿದ್ದಳು, ಅಳುವುದನ್ನೂ ಚೆನ್ನಾಗಿಯೇ ಅಳುತ್ತಿದ್ದಳು. ಕೂದಲು ಮಾತ್ರ ದ್ರೌಪದಿಯದಾಗಿರಲಿಲ್ಲ. ರೇಷ್ಮೆ ಎಳೆಯಂತೆ ಸಣ್ಣಗೆ, ನೆಟ್ಟಗೆ, ತಲೆಗೆ ಅಂಟಿಕೊಂಡು ಮಲಗುವ ಕೂದಲು. ಹದಿಮೂರು ವರ್ಷ ಕಟ್ಟದೆ ಬಿಟ್ಟ ಮುಡಿ ಇದೆಂದು ಪ್ರೇಕ್ಷಕರು ನಂಬಬೇಕಲ್ಲ! ಬ್ಯೂಟಿ ಪಾರ್ಲರಿನಿಂದ ಬಂದಿದ್ದವಳು ಬುಡದ ಕಡೆಗೆ ಹಿಮ್ಮುಖವಾಗಿ ಬಾಚಿ, ಡಬ್ಬಿಯಿಂದ ಏನನ್ನೋ ಸಿಂಪಡಿಸಿ, ಕೂದಲನ್ನು ಎತ್ತಿ ನಿಲ್ಲಿಸಿದಳು. ತಾಲೀಮಿನ ಎರಡನೆಯ ದೃಶ್ಯಕ್ಕೆ ಬರುವಷ್ಟರಲ್ಲಿ ಅದು ಮತ್ತೆ ಮಲಗಿತು.

ಮೂಲೆಯಲ್ಲಿ ಕುಳಿತಿದ್ದ ಧಾರವಾಡದ ಕಡೆಯ ಹಿರಿಯರೊಬ್ಬರು, "ಯಾಕವಾ, ಯಾರ ಮನ್ಯಾಗೂ ಒಂದು ಚೌರಿ ಇಲ್ಲೇನು?" ಎಂದರು. "ಚೌರಿ ಅಂದ್ರೆ ಏನು ಅಜ್ಜಿ?" ಎಂದು ಹುಡುಗಿಯರು ಕೇಳಿದರು. ಒಂದು ಕಾಲಕ್ಕೆ ಮನೆಮನೆಯ ಕನ್ನಡಿ ಪೆಟ್ಟಿಗೆಯಲ್ಲಿದ್ದ ವಸ್ತುವಿನ ಹೆಸರೇ ಈಗಿನ ಮಕ್ಕಳಿಗೆ ಹೊಸದಾಗಿದೆ. ಅಂದು ಅವಸರದಲ್ಲಿ ಹೇಳಲಾಗದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಚೌರಿ ಎಂದರೆ ಜಡೆಯ ಜೊತೆಗೆ ಸೇರಿಸಿ ಹೆಣೆಯುವ, ಇಲ್ಲವೆ ತುರುಬಿನೊಳಗೆ ಸುತ್ತಿ ಅಡಗಿಸುವ ಕೂದಲ ಕಂತೆ. ಒಂದು ತುದಿಯನ್ನು ದಾರದಿಂದ ಬಿಗಿದು ಕಟ್ಟಿರುತ್ತಾರೆ. ಕೆಲವು ಕಡೆ ಚೌಲಿ ಎನ್ನುತ್ತಾರೆ. ನಮ್ಮ ನೆರೆಯ ಮರಾಠಿಗರು ಗಂಗಾವನ ಎನ್ನುತ್ತಾರೆ. ಶಬ್ದದ ಮೂಲ ಹಿಮಾಲಯದಲ್ಲಿದೆ. ಚಮರೀಮೃಗದ ಬಾಲದಿಂದ ಮಾಡಿದ್ದು ಚಾಮರ. ಅದೇ ಆಡುಮಾತಿನಲ್ಲಿ ಚವರಿ, ಚೌರಿ ಆಯಿತು. ದೇವರಿಗೆ ಬೀಸುವುದೂ ಚೌರಿಯೇ, ಹೆಂಗಸರು ಜಡೆಗೆ ಸೇರಿಸುವುದೂ ಚೌರಿಯೇ. ಕುಮಾರಸಂಭವದ ಮೊದಲನೆಯ ಸರ್ಗದಲ್ಲಿ ಕಾಳಿದಾಸ ಪಾರ್ವತಿಯ ಕೇಶರಾಶಿಯನ್ನು ವರ್ಣಿಸುತ್ತ, ಪ್ರಾಣಿಗಳಿಗೆ ನಾಚಿಕೆ ಎಂಬುದಿದ್ದರೆ ಚಮರಿಗಳು ತಮ್ಮ ಬಾಲದ ಮೇಲಿನ ಮೋಹವನ್ನು ಕಡಿಮೆ ಮಾಡಿಕೊಳ್ಳುತ್ತಿದ್ದವು ಎಂಬ ಭಾವ ತಂದಿದ್ದಾನೆ. ಪಾರ್ವತಿಗೇನೋ ಅಷ್ಟು ಕೂದಲಿತ್ತು. ಇಲ್ಲದವರು ಚಮರಿಯ ಹೆಸರನ್ನೇ ಸಾಲ ಪಡೆದರು.

ಸಾಲ ಮಾಡದೆ ನಿಭಾಯಿಸುವ ದಾರಿಗಳೂ ಇದ್ದವು. ನೆಟ್ಟನೆಯ ಕೂದಲಿನ ಎಳೆ ಹೆಚ್ಚುಕಡಿಮೆ ದುಂಡಗಿರುತ್ತದೆ, ಗುಂಗುರಿನದು ಚಪ್ಪಟೆ. ನೆಟ್ಟನೆಯ ಎಳೆಯ ಮೇಲೆ ನೆತ್ತಿಯ ಜಿಡ್ಡು ತಡೆಯಿಲ್ಲದೆ ಕೆಳಗಿಳಿದು, ಎಳೆಗಳನ್ನು ಒಂದಕ್ಕೊಂದು ಅಂಟಿಸಿಬಿಡುತ್ತದೆ. ಎಳೆ ಸಣ್ಣದಾದಷ್ಟೂ ಬೇಗ. ನಮ್ಮ ಅಜ್ಜಿಯರಿಗೆ ಈ ಶಾಸ್ತ್ರ ಗೊತ್ತಿರಲಿಲ್ಲ, ಉಪಾಯ ಗೊತ್ತಿತ್ತು. ಸೀಗೆಯಿಂದಲೋ ಅಂಟುವಾಳದಿಂದಲೋ ಜಿಡ್ಡು ತೆಗೆದು, ಒದ್ದೆ ಕೂದಲನ್ನು ಬಿದಿರಿನ ಬುಟ್ಟಿಯ ಮೇಲೆ ಹರಡಿ, ಕೆಳಗೆ ಕೆಂಡದ ಮೇಲೆ ಸಾಂಬ್ರಾಣಿ ಹಾಕುತ್ತಿದ್ದರು. ಹೊಗೆಗೆ ಆರಿದ ಕೂದಲು ಸ್ವಲ್ಪ ಒರಟಾಗಿ, ಎಳೆ ಎಳೆಯಾಗಿ ಬಿಡಿಸಿಕೊಂಡು ನಿಲ್ಲುತ್ತದೆ. ಅರ್ಧ ಮುಷ್ಟಿಯಾಗಿದ್ದದ್ದು ಮುಷ್ಟಿ ತುಂಬುತ್ತದೆ. ಇದೂ ಹಳೆಯದೇ. ಮೇಘದೂತದಲ್ಲಿ ಉಜ್ಜಯಿನಿಯ ಕಿಟಕಿಗಳಿಂದ ಹೊರಬೀಳುವ ಕೇಶಸಂಸ್ಕಾರದ ಧೂಪದಿಂದ ಮೇಘನ ಮೈಯೇ ತುಂಬಿಕೊಳ್ಳುತ್ತದೆ. ಮೋಡವನ್ನೇ ದಪ್ಪಮಾಡಿದ ಹೊಗೆ ಜಡೆಯನ್ನು ಮಾಡದೆ ಬಿಟ್ಟೀತೆ?

ಗುಜರಾತಿನಲ್ಲಿಯೂ ಇದೇ ಸಾಮಗ್ರಿ. ಅಂಟುವಾಳ ಇಲ್ಲಿ ಅರೀಠಾ, ಔಡಲೆಣ್ಣೆ ಇಲ್ಲಿ ದಿವೇಲ್. ದೇಶದಲ್ಲಿ ಅತಿ ಹೆಚ್ಚು ಔಡಲ ಬೆಳೆಯುವ ಪ್ರಾಂತ ಇದು. ಆ ಮಂದ ಎಣ್ಣೆ ಎಳೆಯ ಮೇಲೆ ಪದರವಾಗಿ ನಿಂತು ದಪ್ಪ ತೋರಿಸುತ್ತದೆ. ನಾವು ಊರಿನಿಂದ ತಂದ ತೆಂಗಿನೆಣ್ಣೆಯಾದರೋ ಅಹಮದಾಬಾದಿನ ಚಳಿಗೆ ಡಬ್ಬಿಯಲ್ಲೇ ಕಲ್ಲಾಗಿ, ಕಾಯಿಸಿ ಹಚ್ಚಿದರೆ ಇದ್ದ ಕೂದಲನ್ನೂ ತಲೆಗೆ ಮೆತ್ತಿಬಿಡುತ್ತದೆ.

ಶಿಲ್ಪಿಗೆ ಈ ಕಷ್ಟವಿಲ್ಲ. ಕಲ್ಲಿನ ಕೂದಲು ಎಂದೂ ಮಲಗುವುದಿಲ್ಲ. 1117ರಲ್ಲಿ ಪ್ರತಿಷ್ಠೆಯಾದ ಬೇಲೂರು ದೇವಾಲಯದ ಮದನಿಕೆಯರ ತುರುಬುಗಳನ್ನು ನೋಡಿದವರು ಪಾಟಣದ ರಾಣಿ ಕೀ ವಾವ್‌ಗೂ ಒಮ್ಮೆ ಹೋಗಿಬರಬೇಕು. ಹನ್ನೊಂದನೆಯ ಶತಮಾನದ ಆ ಮೆಟ್ಟಿಲುಬಾವಿಯಲ್ಲಿ ಮಿಂದು ಬಂದ ಹೆಣ್ಣೊಬ್ಬಳು ಕೂದಲು ಹಿಂಡುತ್ತಿದ್ದಾಳೆ. ಬೀಳುವ ಹನಿಗಳನ್ನು ಮುತ್ತೆಂದು ತಿಳಿದು ಹಂಸವೊಂದು ಬಾಯಿ ಒಡ್ಡಿದೆ. ಈ ಬಾವಿಯನ್ನು ಕಟ್ಟಿಸಿದವಳು ಒಂದನೆಯ ಭೀಮದೇವನ ರಾಣಿ ಉದಯಮತಿ. ಅವಳ ಸೊಸೆ ನಮ್ಮ ಕಡೆಯ ಹುಡುಗಿ ಎಂಬುದು ಇಲ್ಲಿಯ ಕನ್ನಡಿಗರಲ್ಲಿಯೂ ಎಲ್ಲರಿಗೂ ಗೊತ್ತಿಲ್ಲ. ಕದಂಬ ಜಯಕೇಶಿಯ ಮಗಳು ಮಯಣಲ್ಲಾದೇವಿ, ಗುಜರಾತಿಗಳ ಮೀನಳದೇವಿ. ಅಹಮದಾಬಾದಿನ ಹತ್ತಿರದ ಧೋಳಕಾದ ಮಲಾವ್ ಕೆರೆ ಅವಳು ಕಟ್ಟಿಸಿದ್ದೆಂದು ಜನ ಇಂದಿಗೂ ಹೇಳುತ್ತಾರೆ.

ಅವಳ ಮದುವೆಯ ಕಥೆ ಎರಡು ಬಗೆಯಾಗಿದೆ. ಹೇಮಚಂದ್ರನ ಪ್ರಕಾರ ಕರ್ಣದೇವ ಅವಳ ಚಿತ್ರವನ್ನು ನೋಡಿಯೇ ಮನಸೋತ. ಹದಿನಾಲ್ಕನೆಯ ಶತಮಾನದ ಆರಂಭದಲ್ಲಿ ಬರೆದ ಮೇರುತುಂಗನ ಪ್ರಕಾರ, ಅಷ್ಟು ದೂರದಿಂದ ಬಂದ ಹುಡುಗಿ ರೂಪವತಿಯಲ್ಲವೆಂದು ರಾಜ ಒಲ್ಲೆನೆಂದ. ಅವಳು ಬೆಂಕಿಗೆ ಬೀಳಲು ಸಿದ್ಧಳಾದಳು, ಅತ್ತೆ ಉದಯಮತಿ, ಹಾಗಾದರೆ ನಾನೂ ಸಾಯುತ್ತೇನೆಂದು ಹಟ ಹಿಡಿದಳು, ಮದುವೆ ಆಯಿತು. ಆ ರಾಣಿಯ ಮಗನೇ ಗುಜರಾತಿನ ಮಹಾರಾಜ ಸಿದ್ಧರಾಜ ಜಯಸಿಂಹ. ಪಾಟಣದ ಕಲ್ಲಿನ ಸುಂದರಿಯರ ನಡುವೆ ನಿಂತಾಗ ನನಗೆ ನೆನಪಾಗುವುದು ಹೆಣ್ಣು ನೋಡುವ ಶಾಸ್ತ್ರ. "ಹುಡುಗಿಯ ಜಡೆ ಒಂದಿಷ್ಟು ಮುಂದೆ ಹಾಕಮ್ಮ" ಎನ್ನುವ ಮಾತು ಕೇಳದೆ ಬೆಳೆದವರು ನಮ್ಮ ಪೀಳಿಗೆಯಲ್ಲಿ ಯಾರಿದ್ದಾರೆ? ಇಲಿಬಾಲದ ಜಡೆ ಎಂದು ಹೆಸರು ಬಿದ್ದರೆ ಮುಗಿಯಿತು. ಎಷ್ಟೋ ಮನೆಗಳಲ್ಲಿ ಚೌರಿಯ ಗುಟ್ಟು ವರನ ಕಡೆಯವರಿಗೆ ಮದುವೆಯಾದ ಮೇಲೆಯೇ ತಿಳಿಯುತ್ತಿತ್ತು.

ಬರೋಡದಲ್ಲಿ ಎರಡು ಚೌರಿಗಳೂ ಒಂದೇ ಊರಿನಲ್ಲಿ ಸಿಗುತ್ತವೆ. 1951ರಲ್ಲಿ ಅಕೋಟದಲ್ಲಿ ಸಿಕ್ಕ ಜೈನ ಕಂಚಿನ ಮೂರ್ತಿಗಳಲ್ಲಿ ಬಹು ಪ್ರಸಿದ್ಧವಾದದ್ದು ಚಾಮರಧಾರಿಣಿ, ಬರೋಡ ಮ್ಯೂಸಿಯಮ್ಮಿನಲ್ಲಿದೆ. ಇನ್ನೊಂದು ಚೌರಿ ದಕ್ಷಿಣದಿಂದ ವರದಕ್ಷಿಣೆಯ ಜೊತೆ ಬಂತು. 1880ರಲ್ಲಿ ಮೂರನೆಯ ಸಯಾಜಿರಾವ್ ಗಾಯಕವಾಡರು ಮದುವೆಯಾದ ಚಿಮಣಾಬಾಯಿ ತಂಜಾವೂರಿನವರು. ಅವರ ಜೊತೆ ತಂಜಾವೂರಿನ ನರ್ತಕಿಯರ ಮೇಳವೂ ಬಂತು. ಅದೇ ಪರಂಪರೆಯ ಕುಬೇರನಾಥ ತಂಜಾವೂರ್ಕರ್ ಮುಂದೆ ಬರೋಡದ ವಿಶ್ವವಿದ್ಯಾಲಯದಲ್ಲಿ ನಾಟ್ಯ ಕಲಿಸಿದರು. ಭರತನಾಟ್ಯದ ಆ ಉದ್ದ ಜಡೆ, ಅದರ ಮೇಲಿನ ಜಡೆಬಿಲ್ಲೆ, ತುದಿಯ ಕುಚ್ಚು, ಇವುಗಳ ಭಾರ ಹೊರಲು ಸಾಮಾನ್ಯ ತಲೆಯ ಕೂದಲಿಗೆ ಸಾಧ್ಯವಿಲ್ಲ. ಒಳಗೆ ಚೌರಿ ಇರಲೇಬೇಕು. ಕುಚ್ಚಿನ ಮಾತು ಬಂದದ್ದಕ್ಕೆ ಹೇಳುತ್ತೇನೆ: ಜರಿ ಎಂದರೆ ಸೂರತ್. ದಕ್ಷಿಣದ ರೇಷ್ಮೆ ಸೀರೆಗಳ ಅಂಚು ಸೆರಗುಗಳಿಗೂ ಬಹುಕಾಲದಿಂದ ಜರಿ ಹೋಗುತ್ತಿರುವುದು ಅಲ್ಲಿಂದಲೇ.

ರಂಗಭೂಮಿಯಲ್ಲಿ ಚೌರಿ ಹೆಂಗಸರಿಗಿಂತ ಗಂಡಸರಿಗೇ ಹೆಚ್ಚು ದುಡಿದಿದೆ. ನಮ್ಮ ಯಕ್ಷಗಾನದ ಸ್ತ್ರೀವೇಷಗಳು, ಕಂಪನಿ ನಾಟಕಗಳ ನಾಯಿಕೆಯರು ಹಿಂದೆ ಹೆಚ್ಚಾಗಿ ಗಂಡಸರೇ. ಗುಜರಾತಿಗಳಲ್ಲಿ ಈ ಕಲೆಯ ಶಿಖರ ಜಯಶಂಕರ ಭೋಜಕ (1889–1975). 1901ರಲ್ಲಿ, ಹನ್ನೆರಡರ ಹುಡುಗ, 'ಸೌಭಾಗ್ಯ ಸುಂದರಿ' ನಾಟಕದಲ್ಲಿ ಸುಂದರಿಯಾಗಿ ನಿಂತು, ಜೀವನಪೂರ್ತಿ ಜಯಶಂಕರ 'ಸುಂದರಿ' ಆದರು. ಅವರ ಉಡುಗೆಯನ್ನೂ ನಡೆಯನ್ನೂ ಮುಂಬಯಿಯ ಗೃಹಿಣಿಯರು ಅನುಕರಿಸುತ್ತಿದ್ದರಂತೆ. ಹೆಣ್ಣು ಹೇಗಿರಬೇಕೆಂಬುದನ್ನು ಹೆಣ್ಣುಮಕ್ಕಳು ಗಂಡಸಿನಿಂದ ಕಲಿತರು! ಮುಂದೆ ಅಹಮದಾಬಾದಿಗೆ ಬಂದು ಹೊಸ ನಟರನ್ನು ತಯಾರುಮಾಡಿದರು. ನಗರದ ರಂಗಮಂದಿರವೊಂದಕ್ಕೆ ಅವರ ಹೆಸರಿದೆ.

ಅರುವತ್ತರ ದಶಕದಲ್ಲಿ ಸಿನಿಮಾ ತಾರೆಯರ ಎತ್ತರದ ತುರುಬು ಬಂದಾಗ ಜಡೆಯ ಚೌರಿ ತಲೆಯ ಮೇಲಕ್ಕೇರಿತು. ಕಾಲೇಜು ಹುಡುಗಿಯರು ಹಳೆಯ ನೈಲಾನ್ ಕಾಲುಚೀಲದಲ್ಲಿ ಸಿಕ್ಕುಗೂದಲು ತುಂಬಿ ಒಳಗಿಟ್ಟು ಮೇಲೆ ಬಾಚಿಕೊಳ್ಳುತ್ತಿದ್ದರು. ಕಾರ್ಲ್ ನೆಸ್ಲರ್ ಎಂಬ ಜರ್ಮನ್ 1906ರಲ್ಲಿ ಲಂಡನ್ನಿನಲ್ಲಿ ತೋರಿಸಿದ, ಬಿಸಿಯಿಂದ ಕೂದಲನ್ನು ಗುಂಗುರು ಮಾಡುವ ವಿದ್ಯೆಯೂ ಬೇರೆ ಬೇರೆ ರೂಪದಲ್ಲಿ ನಮ್ಮ ಪಾರ್ಲರುಗಳನ್ನು ಮುಟ್ಟಿತು. ಆ ವಿಷಯ ಪಾರ್ಲರಿನವರೇ ಬರೆಯಲಿ.

ಇಷ್ಟೆಲ್ಲ ಕೂದಲು ಬರುವುದೆಲ್ಲಿಂದ? ಈ ಪ್ರಶ್ನೆ ಹಿಂದೆಯೂ ಹಲವರನ್ನು ಹೆದರಿಸಿದೆ. ಸೂರತ್ತಿನಲ್ಲಿ ಇಂಗ್ಲಿಷರ ಕೋಠಿ ನಡೆಯುತ್ತಿದ್ದ ಕಾಲದಲ್ಲಿಯೇ, 1665ರಲ್ಲಿ, ಲಂಡನ್ನಿಗೆ ಪ್ಲೇಗು ಬಡಿಯಿತು. ಸ್ಯಾಮ್ಯುಯೆಲ್ ಪೀಪ್ಸ್ ಎಂಬ ಅಧಿಕಾರಿ, ಕೊಂಡು ಇಟ್ಟಿದ್ದ ಹೊಸ ಕೃತಕ ಕೇಶವನ್ನು ಧರಿಸಲು ಬಹುದಿನ ಧೈರ್ಯವಾಗದೆ, ಪ್ಲೇಗಿನಿಂದ ಸತ್ತವರ ತಲೆಗೂದಲೆಂಬ ಭಯದಿಂದ ಇನ್ನು ಯಾರೂ ಇದನ್ನು ಕೊಳ್ಳಲಾರರೇನೋ ಎಂದು ದಿನಚರಿಯಲ್ಲಿ ಬರೆದುಕೊಂಡಿದ್ದಾನೆ. 2004ರಲ್ಲಿ ಯೆಹೂದಿ ಧರ್ಮಗುರುಗಳು, ತಿರುಪತಿಯಲ್ಲಿ ಮುಡಿಕೊಟ್ಟ ಕೂದಲು ಅನ್ಯದೇವರ ಪೂಜೆಗೆ ಸಂಬಂಧಿಸಿದ್ದೆಂದು ಅದರ ಬಳಕೆಯನ್ನು ನಿಷೇಧಿಸಿದಾಗ, ನ್ಯೂಯಾರ್ಕಿನ ಬೀದಿಯಲ್ಲಿ ಹೆಂಗಸರ ಕೃತಕ ಕೇಶಗಳನ್ನು ಗುಡ್ಡೆಹಾಕಿ ಸುಟ್ಟರು. ಭಕ್ತರು ತಿಮ್ಮಪ್ಪನಿಗೆ ಕೊಟ್ಟದ್ದು ಹರಾಜಿನಲ್ಲಿ ಕೋಟಿಗಟ್ಟಲೆ ರೂಪಾಯಿಗೆ ಹೋಗುತ್ತದೆ.

ತಿರುಪತಿಯದು ಬುಡ ತುದಿ ಹೊಂದಿಕೊಂಡ, ಒಂದೇ ಸಲಕ್ಕೆ ತೆಗೆದ ಕೂದಲು. ಬಾಚಣಿಗೆಗೆ ಸಿಕ್ಕಿ ಉದುರಿದ ಕೂದಲಿನ ಪಾಡು ಬೇರೆ, ಅದರ ರಾಜಧಾನಿಯೂ ಬೇರೆ: ನಮ್ಮ ಕೊಪ್ಪಳದ ಪಕ್ಕದ ಭಾಗ್ಯನಗರ. ಪಾತ್ರೆ, ಬಲೂನು ಕೊಟ್ಟು ಬೀದಿ ಬೀದಿಯಲ್ಲಿ ಕೊಂಡ ಕೂದಲ ಉಂಡೆಗಳು ದೇಶದ ಹಲವು ಕಡೆಗಳಿಂದ ಅಲ್ಲಿಗೆ ಬರುತ್ತವೆ. ಹೆಂಗಸರು ಗುಂಪಾಗಿ ಕುಳಿತು, ಸೂಜಿಯಿಂದ ಎಳೆ ಎಳೆಯಾಗಿ ಸಿಕ್ಕು ಬಿಡಿಸಿ, ತೊಳೆದು, ಉದ್ದದ ಪ್ರಕಾರ ವಿಂಗಡಿಸುತ್ತಾರೆ. ಅಲ್ಲಿಂದ ಅದು ಚೀನಾದವರೆಗೂ ಹೋಗುತ್ತದೆ. ಕಳ್ಳಸಾಗಣೆ ಹೆಚ್ಚಾಗಿ, 2022ರಲ್ಲಿ ಕೇಂದ್ರ ಸರ್ಕಾರ ಕಚ್ಚಾ ಕೂದಲಿನ ರಫ್ತಿಗೆ ನಿರ್ಬಂಧ ಹಾಕಿತು. ಸೂಜಿ ಹಿಡಿದು ಬಗ್ಗಿ ಕುಳಿತವರ ಬೆನ್ನು ಕಣ್ಣುಗಳಿಗೆ ಯಾವ ದರವನ್ನೂ ಯಾರೂ ಗೊತ್ತುಮಾಡಿಲ್ಲ.

ಸಿಕ್ಕು ಏಕೆ ಅಷ್ಟು ಹಟಮಾರಿ ಎಂದರೆ, ಪ್ರತಿ ಎಳೆಯ ಮೇಲೂ ಮಂಗಳೂರು ಹಂಚಿನಂತೆ ಒಂದರ ಮೇಲೊಂದು ಹೊದಿಸಿದ ಸೂಕ್ಷ್ಮ ಪದರಗಳಿವೆ. ಅವುಗಳ ಬಾಯಿ ತುದಿಯ ಕಡೆಗೆ. ಒಂದರ ಬುಡ ಇನ್ನೊಂದರ ತುದಿಗೆ ಬಂದರೆ ಪದರಕ್ಕೆ ಪದರ ತೊಡರಿಕೊಳ್ಳುತ್ತದೆ. ಪಾರ್ಲರಿನವಳು ಹಿಮ್ಮುಖವಾಗಿ ಬಾಚುವಾಗ ನಡೆಯುವುದೂ ಇದೇ: ತೊಡರಿಸಿ ದಪ್ಪ ತೋರಿಸುವುದು. ಉದುರುಗೂದಲಿನ ಚೌರಿ ಸ್ವಭಾವದಿಂದಲೇ ಒರಟು. ಆದ್ದರಿಂದಲೇ ನಯವಾದ ಕೂದಲಿಗೆ ಅದು ಒಳ್ಳೆಯ ಆಸರೆ.

ದ್ರೌಪದಿಗಾಗಿ ನಾನು ಮೊದಲು ಹೋದದ್ದು ಮಾಣೆಕ್ ಚೌಕದ ರಾಣಿ ನೋ ಹಜೀರೋಗೆ. ಸುಲ್ತಾನರ ರಾಣಿಯರ ಗೋರಿಯ ಸುತ್ತ ಹೆಂಗಸರ ಉಡುಗೆ ತೊಡುಗೆಯ ಅಂಗಡಿಗಳಿವೆ. "ಚೋಟಲೋ?" ಎಂದು ಕೇಳಿ ಅಂಗಡಿಯವನು ತೆಗೆದುಕೊಟ್ಟದ್ದು ನೈಲಾನಿನದು. ರಂಗದ ದೀಪದಲ್ಲಿ ಅದು ಮೀನಿನ ಹಾಗೆ ಹೊಳೆಯಿತು. ಕೊನೆಗೆ ಮನೆಯ ಟ್ರಂಕಿನ ತಳದಿಂದ ಕೆಂಪು ಬಟ್ಟೆಯಲ್ಲಿ ಸುತ್ತಿದ್ದ ಗಂಟನ್ನು ತೆಗೆದೆ.

ಅದು ನನ್ನ ತಾಯಿಯ ತಾಯಿಯದು. ಮೂರು ಬಾಣಂತನಗಳಲ್ಲಿ ಉದುರಿದ ಕೂದಲನ್ನು, ಉಗುಳಿ ಎಸೆಯುವ ಬದಲು, ಅಜ್ಜಿ ಗೋಡೆಯ ಗೂಡಿನಲ್ಲಿ ಕೂಡಿಟ್ಟು ಕಟ್ಟಿಸಿದ ಚೌರಿ. 1937ರಲ್ಲಿ ಅಜ್ಜ ತೀರಿಕೊಂಡರು. ಆಮೇಲಿನದನ್ನು ಎಂ. ಕೆ. ಇಂದಿರಾ ಅವರ 'ಫಣಿಯಮ್ಮ' ಓದಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಸೂರತ್ತಿನ ಕವಿ ನರ್ಮದ (1833–1886) ವಿಧವೆಯರ ಪರವಾಗಿ ಹೋರಾಡಿ ಅರ್ಧ ಶತಮಾನ ಕಳೆದಿತ್ತು. 1890ರಲ್ಲಿ ಮುಂಬಯಿಯ ಕ್ಷೌರಿಕರೇ ಸಭೆ ಸೇರಿ ವಿಧವೆಯರ ತಲೆಗೆ ಕತ್ತಿ ಇಡುವುದಿಲ್ಲವೆಂದು ನಿಶ್ಚಯಿಸಿದ್ದರು. ನಮ್ಮ ಅಜ್ಜಿಯ ಊರಿಗೆ ಆ ಸುದ್ದಿ ತಲುಪಿರಲಿಲ್ಲ, ತಲುಪಿದ್ದರೂ ಕೇಳುವವರಿರಲಿಲ್ಲ. ಹೋದ ಕೂದಲು ಹೊಳೆಗೆ ಹೋಯಿತು. ಪೆಟ್ಟಿಗೆಯಲ್ಲಿದ್ದ ಚೌರಿ ಯಾರಿಗೂ ನೆನಪಾಗದೆ ಉಳಿದುಕೊಂಡಿತು. 1958ರಲ್ಲಿ ಮದುವೆಯಾಗಿ ಅಹಮದಾಬಾದಿಗೆ ಬರುವಾಗ ಅವ್ವ ಅದನ್ನು ಸೀರೆಗಳ ನಡುವೆ ಅಡಗಿಸಿ ತಂದಳು. ಅವಳದೂ ಇಲಿಬಾಲದ ಜಡೆಯೇ. ಆದರೂ ಒಂದು ದಿನವೂ ಅದನ್ನು ಮುಡಿಯಲಿಲ್ಲ. ಮುತ್ತೈದೆ ಮುಡಿಯಬಾರದೆಂದು ಯಾರೋ ಹೇಳಿದ್ದರು. ಬಿಸಾಡಲೂ ಇಲ್ಲ.

ಇದನ್ನೆಲ್ಲ ದ್ರೌಪದಿಯ ಹುಡುಗಿಗೂ ಅವಳ ತಾಯಿಗೂ ಮೊದಲೇ ಹೇಳಿದೆ; ಬೇಡವೆಂದರೆ ನೈಲಾನಿನದು ಇದ್ದೇ ಇತ್ತು. ತಾಯಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಹುಡುಗಿ ನನ್ನ ಕೈಯಿಂದ ಅದನ್ನು ತೆಗೆದುಕೊಂಡು, ಧಾರವಾಡದ ಹಿರಿಯರ ಮುಂದೆ ಬೆನ್ನು ತಿರುಗಿಸಿ ಕುಳಿತಳು. ಅವರು ನೆತ್ತಿಯ ಕೂದಲನ್ನು ಮೇಲಕ್ಕೆತ್ತಿ, ಕೆಳಗೆ ಚೌರಿ ಕಟ್ಟಿ, ಮೇಲಿನದನ್ನು ಅದರ ಮೇಲೆ ಹರಡಿದರು. ಹತ್ತು ನಿಮಿಷದ ಕೆಲಸ. ಅಂದಿನ ಮುಡಿ ಕೊನೆಯ ದೃಶ್ಯದವರೆಗೂ ಮಲಗಲಿಲ್ಲ.

ನಾಟಕ ಮುಗಿದ ಮೇಲೆ ಅದನ್ನು ಸೀಗೆಪುಡಿಯಲ್ಲಿ ತೊಳೆದು, ನೆರಳಿನಲ್ಲಿ ಆರಿಸಿ, ಅದೇ ಕೆಂಪು ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದೇನೆ. ಬರುವ ವರ್ಷದ ನಾಟಕಕ್ಕೆ ಬೇಕಾದವರು ಕೇಳಬಹುದು.