ವ್ಯಾಟಿನ ಹಸಿವು ಮತ್ತು ಬ್ರಿಡ್ಜಿಂಗ್

ಸ್ಟೀರಿಯೋ ಪವರ್ ಆಂಪ್ಲಿಫೈಯರಿನ ಎರಡೂ ಚಾನೆಲ್‌ಗಳನ್ನು ಒಂದೇ ಸ್ಪೀಕರಿಗೆ ದುಡಿಸುವ ಕ್ರಮವೇ ಬ್ರಿಡ್ಜಿಂಗ್. ಒಂದು ಚಾನೆಲ್ಲಿಗೆ ಸಂಕೇತ ಇದ್ದಂತೆಯೇ ಹೋಗುತ್ತದೆ, ಇನ್ನೊಂದಕ್ಕೆ ತಲೆಕೆಳಗಾಗಿ; ಸ್ಪೀಕರಿನ ತಂತಿಗಳು ಎರಡರ ಪ್ಲಸ್ ತುದಿಗಳಿಗೆ ಸೇರುತ್ತವೆ.

ವಾಲ್ವುಗಳ ಕಾಲದ ಮನೆಗಳಿಗೆ ಇದರ ಅಗತ್ಯ ಅಷ್ಟಾಗಿ ಇರಲಿಲ್ಲ. 1947ರಲ್ಲಿ ಬ್ರಿಟನ್ನಿನ ‘ವೈರ್‌ಲೆಸ್ ವರ್ಲ್ಡ್’ ಪತ್ರಿಕೆಯಲ್ಲಿ ಡಿ.ಟಿ.ಎನ್. ವಿಲಿಯಮ್ಸನ್ ಪ್ರಕಟಿಸಿದ ಹೆಸರಾಂತ ವಿನ್ಯಾಸದ ಶಕ್ತಿ 15 ವ್ಯಾಟ್. ಆಗಿನ ದೊಡ್ಡ ಪೆಟ್ಟಿಗೆಯ ಸ್ಪೀಕರುಗಳಿಗೆ ಅದು ಧಾರಾಳವಾಗಿತ್ತು. 1954ರಲ್ಲಿ ಅಮೆರಿಕದ ಎಡ್ಗರ್ ವಿಲ್ಚರ್ ಎಆರ್-1 ಎಂಬ ಪುಟ್ಟ, ಗಾಳಿಯಾಡದ ಪೆಟ್ಟಿಗೆಯ ಸ್ಪೀಕರನ್ನು ತಂದ ಮೇಲೆ ಲೆಕ್ಕ ಬದಲಾಯಿತು. ಸಣ್ಣ ಪೆಟ್ಟಿಗೆಯಿಂದಲೂ ಆಳವಾದ ಬೇಸ್ ಬಂತು. ಆದರೆ ಅಷ್ಟೇ ಸದ್ದಿಗೆ ಹೆಚ್ಚು ವ್ಯಾಟ್ ಸುರಿಯಬೇಕಾಯಿತು.

1960ರ ದಶಕದಲ್ಲಿ ಟ್ರಾನ್ಸಿಸ್ಟರ್ ಬಂದು ಔಟ್‌ಪುಟ್ ಟ್ರಾನ್ಸ್‌ಫಾರ್ಮರು ಮರೆಯಾಯಿತು. ಇನ್ನು ಸ್ಪೀಕರಿಗೆ ಸಿಗುವ ವೋಲ್ಟೇಜು ಪವರ್ ಸಪ್ಲೈಯನ್ನು ಮೀರುವಂತಿಲ್ಲ. ಈ ಕಟ್ಟಿನಿಂದ ಪಾರಾಗುವ ದಾರಿಯೇ ಬ್ರಿಡ್ಜಿಂಗ್: ವೋಲ್ಟೇಜು ಎರಡರಷ್ಟಾದರೆ ಶಕ್ತಿ ನಾಲ್ಕರಷ್ಟು. ಇದು ನಿಜಕ್ಕೂ ಸಾರ್ಥಕವಾದದ್ದು ಕಾರಿನಲ್ಲಿ. 14.4 ವೋಲ್ಟಿನ ಬ್ಯಾಟರಿ 4 ಓಮ್ ಸ್ಪೀಕರಿಗೆ ಸಾಮಾನ್ಯ ಜೋಡಣೆಯಲ್ಲಿ ಕೊಡಬಲ್ಲದ್ದು ಹೆಚ್ಚೆಂದರೆ ಆರೂವರೆ ವ್ಯಾಟ್. ಬ್ರಿಡ್ಜ್ ಮಾಡಿದರೆ 26ರ ಹತ್ತಿರ.

ಮನೆಯ ಕಥೆಯೇ ಬೇರೆ. ಜಾಹೀರಾತುಗಳಲ್ಲಿ ವ್ಯಾಟಿನ ಉತ್ಪ್ರೇಕ್ಷೆ ಎಷ್ಟು ಬೆಳೆಯಿತೆಂದರೆ 1974ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಅಳತೆಗೆ ನಿಯಮವನ್ನೇ ತರಬೇಕಾಯಿತು. ಅದೇ ಪೈಪೋಟಿಯ ಕಾಲದಲ್ಲಿ ಆಂಪ್ಲಿಫೈಯರುಗಳ ಹಿಂಬದಿಯಲ್ಲಿ ಬ್ರಿಡ್ಜ್ ಸ್ವಿಚ್ ಕಾಣಿಸಿಕೊಂಡಿತು. ಕೊಂಡವರು ಎರಡನೆಯ ಆಂಪ್ಲಿಫೈಯರನ್ನೂ ತಂದು ಸ್ಪೀಕರಿಗೊಂದರಂತೆ ಇಟ್ಟರು. ಸದ್ದಿನ ಗುಣ ಹೆಚ್ಚಿತೇ? ಬಹುಮಟ್ಟಿಗೆ ಇಲ್ಲ. 8 ಓಮಿನ ಸ್ಪೀಕರು ಪ್ರತಿ ಚಾನೆಲ್ಲಿಗೂ 4 ಓಮಿನಂತೆ ಭಾರವಾಗುತ್ತದೆ. ಕರೆಂಟೂ ಬಿಸಿಯೂ ಏರಿ, ಪವರ್ ಸಪ್ಲೈ ಕುಗ್ಗಿ, ನಾಲ್ಕು ಪಟ್ಟು ಶಕ್ತಿ ಕಾಗದದಲ್ಲೇ ಉಳಿಯುತ್ತದೆ. ಸ್ಪೀಕರಿನ ಕೋನನ್ನು ಹಿಡಿತದಲ್ಲಿಡುವ ಡ್ಯಾಂಪಿಂಗ್ ಫ್ಯಾಕ್ಟರು ಅರ್ಧಕ್ಕಿಳಿಯುತ್ತದೆ. ಎರಡು ಚಾನೆಲ್‌ಗಳಲ್ಲೂ ಸಮನಾಗಿ ಹುಟ್ಟುವ ಸಮಸಂಖ್ಯೆಯ ಹಾರ್ಮೋನಿಕ್ ವಿರೂಪ ಪರಸ್ಪರ ಅಳಿಯುವುದು ಲಾಭವೇನೋ ಹೌದು, ಆದರೆ ಒಳ್ಳೆಯ ಆಂಪ್ಲಿಫೈಯರಿನಲ್ಲಿ ಅದು ಮೊದಲೇ ಅತ್ಯಲ್ಪ. ನಾಲ್ಕು ಪಟ್ಟು ಪೂರ್ತಿ ಸಿಕ್ಕರೂ ಏರುವುದು 6 ಡೆಸಿಬೆಲ್. ಕಿವಿಗೆ ಸದ್ದು ಇಮ್ಮಡಿ ಎನಿಸಲು ಸುಮಾರು 10 ಬೇಕು. ದೊಡ್ಡ ಕೋಣೆಯಲ್ಲಿ ಆಂಪ್ಲಿಫೈಯರು ಏದುಸಿರು ಬಿಟ್ಟು ಕ್ಲಿಪ್ ಆಗುತ್ತಿದ್ದರೆ ಮಾತ್ರ ವ್ಯತ್ಯಾಸ ಸ್ಪಷ್ಟವಾಗಿ ಕೇಳುತ್ತದೆ.

4 ಓಮಿನ ಸ್ಪೀಕರು ಇರುವವರು ಕೈಪಿಡಿಯಲ್ಲಿ ಅನುಮತಿ ಇಲ್ಲದೆ ಆ ಸ್ವಿಚ್ ಮುಟ್ಟಬಾರದು. ಪ್ರತಿ ಚಾನೆಲ್ಲಿಗೆ ಆಗ ಬೀಳುವುದು 2 ಓಮಿನ ಹೊರೆ.