ಯೇಸು ಕೇಳಿದ್ದು ನಡೆಯನ್ನ, ಸಭೆ ಕೇಳಿದ್ದು ನಂಬಿಕೆಯನ್ನ

ಬಸವಕಲ್ಯಾಣ, ಹುಮನಾಬಾದ್ ಕಡೆ ಕ್ರೈಸ್ತರು ಅಂದ್ರೆ ಹೆಚ್ಚಾಗಿ ಮೆಥಡಿಸ್ಟರು, ಅವರಲ್ಲಿ ಅನೇಕರು ದಲಿತ ಮೂಲದವರು. ಅವರ ಇಕ್ಕಟ್ಟು ಅರ್ಥವಾಗಲು ಯೇಸುವಿನ ಬೋಧನೆಗೂ ಸಭೆಯ ಸಿದ್ಧಾಂತಕ್ಕೂ ಇರುವ ಅಂತರ ತಿಳಿದಿರಬೇಕು.

ಬೋಧನೆ: ಮತ್ತಾಯನ ಸುವಾರ್ತೆಯ 5ರಿಂದ 7ನೇ ಅಧ್ಯಾಯಗಳ ಪರ್ವತ ಪ್ರಸಂಗದಲ್ಲಿರೋದು ನಡೆ: ವೈರಿಯನ್ನೂ ಪ್ರೀತಿಸು, ದಾನ ಕೊಟ್ಟು ಡಂಗುರ ಹೊಡೀಬೇಡ, ದೇವರನ್ನೂ ದುಡ್ಡನ್ನೂ ಒಟ್ಟಿಗೆ ಸೇವಿಸೋಕಾಗಲ್ಲ. 25ನೇ ಅಧ್ಯಾಯದ ಕೊನೆಯ ತೀರ್ಪಿನಲ್ಲೂ ಕೇಳೋದು ಹಸಿದವರಿಗೆ ಉಣಿಸಿದೆಯಾ ಅಂತ.

ಸಿದ್ಧಾಂತ: ಯೇಸುವಿನ ದೈವತ್ವದ ಮಾತು ಪೌಲನ ಪತ್ರಗಳಲ್ಲೇ ಇದೆ. ಅದರ ಕುರಿತ ಜಗಳ ಬಗೆಹರಿಸಲು ಚಕ್ರವರ್ತಿ ಕಾನ್‌ಸ್ಟಂಟೈನ್ 325ರಲ್ಲಿ ನೈಸಿಯಾದಲ್ಲಿ ಬಿಷಪ್‌ಗಳನ್ನು ಸೇರಿಸಿದ. ಯೇಸು ತಂದೆ ದೇವರೊಂದಿಗೆ ಒಂದೇ ಸತ್ವದವನು ಎಂದು ತೀರ್ಮಾನವಾಯ್ತು. ಈ ನೈಸಿಯಾ ವಿಶ್ವಾಸಪ್ರಮಾಣ ಯೇಸು ಮನುಷ್ಯನಾಗಿದ್ದರಿಂದ ನೇರ ಆತನ ಯಾತನೆಗೆ ಹಾರುತ್ತೆ. ನಡುವಿನ ಬೋಧನೆಯ ಒಂದು ಮಾತೂ ಅದರಲ್ಲಿಲ್ಲ.

ನಮ್ಮೂರಿನ ಹೋಲಿಕೆ: ಕಲ್ಯಾಣದಲ್ಲಿ 12ನೇ ಶತಮಾನದಲ್ಲಿ ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆಯಾಗಿ, ಬೀಗರಿಬ್ಬರಿಗೂ ಮರಣದಂಡನೆಯಾಯಿತು ಅಂತ ಶರಣ ಪರಂಪರೆ ಹೇಳುತ್ತೆ. ಆಮೇಲೆ ಬಸವಣ್ಣನ ಅನುಯಾಯಿಗಳಲ್ಲೇ ಒಳಜಾತಿಗಳು ಉಳಿದವು.

ಇವತ್ತು: 1950ರ ರಾಷ್ಟ್ರಪತಿ ಆದೇಶ ಪರಿಶಿಷ್ಟ ಜಾತಿ ಸ್ಥಾನವನ್ನ ಹಿಂದೂಗಳಿಗೆ ಸೀಮಿತಗೊಳಿಸಿತು. 1956ರಲ್ಲಿ ಸಿಖ್ಖರು, 1990ರಲ್ಲಿ ಬೌದ್ಧರು ಸೇರಿದರು; ದಲಿತ ಕ್ರೈಸ್ತರು ಹೊರಗೇ ಇದ್ದಾರೆ. ಊರು ಅವರನ್ನ ಜಾತಿಯಿಂದಲೇ ಗುರುತಿಸುತ್ತೆ, ಸರ್ಕಾರ ಮಾತ್ರ ಮತ ನೋಡುತ್ತೆ.

ನೈಸಿಯಾದ ಹಾಗೆ ನಮ್ಮ ಕಾನೂನೂ ಏನು ನಂಬ್ತೀಯ ಅಂತಲೇ ಕೇಳ್ತಿದೆ. ಈ ಜನರ ಜೊತೆ ಹೇಗೆ ನಡ್ಕೊಂಡ್ವಿ ಅನ್ನೋದೇ ನಾವು ಕೇಳಬೇಕಾದ ಪ್ರಶ್ನೆ ಅಂತ ನನಗನ್ನಿಸುತ್ತೆ.