ಬ್ರೇಕ್ ಆಯಿಲಿನ ಜಾಡು

1990ರ ದಶಕದಲ್ಲಿ ಕೊಂಕಣ ರೈಲುಮಾರ್ಗವು ಬಾರಕೂರು, ಕುಂದಾಪುರ, ಬೈಂದೂರುಗಳನ್ನು ಮುಟ್ಟುವವರೆಗೂ, ಬ್ರಹ್ಮಾವರದಿಂದ ಶಿರೂರಿನವರೆಗಿನ ಕರಾವಳಿಯ ಜನರಿಗೆ ದೂರದ ಪ್ರಯಾಣಕ್ಕೆ ನೀರಿನ ಮೇಲೆ ದೋಣಿ, ನೆಲದ ಮೇಲೆ ಮೋಟಾರು, ಇವೆರಡರ ಹೊರತು ಅನ್ಯ ಸಾಧನವಿರಲಿಲ್ಲವೆಂಬುದನ್ನು ನೆನೆದರೆ, ಈ ಪ್ರದೇಶದ ಗ್ಯಾರೇಜುಗಳಿಗೂ ಅಲ್ಲಿನ ಮೇಸ್ತ್ರಿಗಳಿಗೂ ನಾಡಿನ ಚರಿತ್ರೆಯಲ್ಲಿ ಒಂದು ಸ್ಥಾನ ಸಲ್ಲಬೇಕೆಂಬುದು ತಾನಾಗಿಯೇ ವಿದಿತವಾಗುತ್ತದೆ. ಬಾರಕೂರಿನ ಆಳುಪರ ವಿಷಯವಾಗಿಯೂ ಬಸರೂರಿನ ಬಂದರಿನ ವಿಷಯವಾಗಿಯೂ ವಿದ್ವಾಂಸರು ಶ್ರಮವಹಿಸಿ ಬರೆದಿದ್ದಾರೆ. ಲಾರಿಯ ಅಡಿಯಲ್ಲಿ ಅಂಗಾತ ಮಲಗಿ, ಸಾವಿರಾರು ಪ್ರಯಾಣಿಕರ ಪ್ರಾಣವನ್ನು ತಮ್ಮ ಬೆರಳ ತುದಿಯಲ್ಲಿ ಕಾದವರ ವಿಷಯವಾಗಿ ಬರೆದವರು ವಿರಳ.

1862ರಲ್ಲಿ ಉತ್ತರ ಕನ್ನಡವು ಮುಂಬಯಿ ಪ್ರಾಂತಕ್ಕೆ ಸೇರಿದಾಗ ಕುಂದಾಪುರ ತಾಲೂಕು ಮದರಾಸಿನಲ್ಲಿಯೇ ಉಳಿದುದರಿಂದ, ಶಿರೂರಿನ ಆಚೆಯ ಭಟ್ಕಳವು ಬಹುಕಾಲ ಪರಪ್ರಾಂತವೇ ಆಗಿತ್ತು. ಈ ಮೂಲೆಯ ತಾಲೂಕಿಗೆ ಮೋಟಾರಿನ ಯುಗವು ದಕ್ಷಿಣದಿಂದ, ಅಂದರೆ ಮಂಗಳೂರಿನ ಕಡೆಯಿಂದ ಬಂದಿತು. 1910ರ ದಶಕದಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕೆನರಾ ಪಬ್ಲಿಕ್ ಕನ್ವೇಯನ್ಸ್ ಕಂಪನಿ, ಜನರ ಬಾಯಲ್ಲಿ ಸಿ.ಪಿ.ಸಿ., ಜಿಲ್ಲೆಗೆ ಬಸ್ಸಿನ ರೂಢಿಯನ್ನು ಕಲಿಸಿತು. ಆದರೆ ಮಾರ್ಗವು ಅಖಂಡವಾಗಿರಲಿಲ್ಲ. ಕಲ್ಯಾಣಪುರದಲ್ಲಿ ಸುವರ್ಣಾ, ಮಾಬುಕಳದಲ್ಲಿ ಸೀತಾ, ಕುಂದಾಪುರದಲ್ಲಿ ಪಂಚಗಂಗಾವಳಿ, ಹೀಗೆ ನದಿಗಳು ಒಂದಾದ ಮೇಲೊಂದು ಅಡ್ಡ ಬರುತ್ತಿದ್ದುವು. ಸೇತುವೆಗಳು ಬರುವ ಮುನ್ನ ದೋಣಿಗಳನ್ನು ಜೋಡಿಸಿ ಹಲಗೆ ಹಾಸಿದ ಜಂಗಲ್ಲಿನ ಮೇಲೆ ವಾಹನವನ್ನು ಏರಿಸಿ ದಾಟಿಸಬೇಕಾಗುತ್ತಿತ್ತು. ಅಳಿವೆಯ ಆ ಉಪ್ಪುನೀರಿನ ಪರಿಚಯ ಚಕ್ರಗಳಿಗೂ ಚಾಸಿಗೂ ಅಂದಿನಿಂದಲೇ ಆಯಿತು.

ಮೊದಲ ತಲೆಮಾರಿನ ಮೋಟಾರುಗಳ ಬ್ರೇಕು ಸರಳು ಮತ್ತು ತಂತಿಗಳಿಂದ ಕೆಲಸ ಮಾಡುತ್ತಿದ್ದುದರಿಂದ ಅದರ ದೋಷವೆಲ್ಲ ಕಣ್ಣಿಗೆ ಕಾಣುವಂಥದು; ಬಾಗಿದ ಸರಳನ್ನು ನೆಟ್ಟಗೆ ಮಾಡುವುದಕ್ಕೆ ಊರ ಕಮ್ಮಾರನ ಕುಲುಮೆಯೇ ಸಾಕು. ಅಮೆರಿಕದಲ್ಲಿ 1921ರ ಡ್ಯೂಸನ್‌ಬರ್ಗ್ ಕಾರಿನ ನಾಲ್ಕು ಚಕ್ರಗಳಿಗೂ ದ್ರವದ ಒತ್ತಡದಿಂದ ನಡೆಯುವ ಬ್ರೇಕು ಬಂದು, 1939ರಲ್ಲಿ ಫೋರ್ಡ್ ಕಂಪನಿಯೂ ಅದನ್ನು ಅಂಗೀಕರಿಸಿದ ಮೇಲೆ, ಯುದ್ಧಾನಂತರದ ಕಾರು, ಜೀಪುಗಳೊಡನೆ ಆ ವ್ಯವಸ್ಥೆಯು ನಮ್ಮ ಕರಾವಳಿಗೂ ಬಂದಿಳಿಯಿತು. ಪೆಡಲನ್ನು ತುಳಿದೊಡನೆ ಮಾಸ್ಟರ್ ಸಿಲಿಂಡರು ಆಯಿಲನ್ನು ತಳ್ಳುವುದು. ಕಿರುಬೆರಳಿಗಿಂತಲೂ ಸಣ್ಣದಾದ ಉಕ್ಕಿನ ಪೈಪುಗಳ ಮೂಲಕ ಆ ಒತ್ತಡವು ವೀಲ್ ಸಿಲಿಂಡರುಗಳನ್ನು ಮುಟ್ಟುವುದು. ಅಲ್ಲಿ ರಬ್ಬರಿನ ಬಕೆಟುಗಳು ಹೊರಕ್ಕೆ ಸರಿದು ಲೈನರನ್ನು ಡ್ರಮ್ಮಿಗೆ ಒತ್ತುವುವು. ಹಳೆಯ ವಿಲ್ಲಿಸ್ ಮಾದರಿಯ ಜೀಪುಗಳಲ್ಲಿ ನಾಲ್ಕು ಚಕ್ರಗಳಿಗೂ ಆಯಿಲು ಒಂದೇ ಕೋಣೆಯಿಂದ ಹೋಗುತ್ತಿದ್ದುದರಿಂದ, ಎಲ್ಲಿಯಾದರೂ ಒಂದು ತೂತು ಬಿದ್ದರೆ ನಾಲ್ಕರ ಹಿಡಿತವೂ ಏಕಕಾಲದಲ್ಲಿ ತಪ್ಪುತ್ತಿತ್ತು. ಆಗ ಚಾಲಕನಿಗೆ ಉಳಿಯುತ್ತಿದ್ದುದು ಕೆಳಗಿನ ಗೇರು ಮತ್ತು ಪ್ರೊಪೆಲ್ಲರ್ ಶಾಫ್ಟನ್ನು ಹಿಡಿಯುವ ಹ್ಯಾಂಡ್ ಬ್ರೇಕು ಮಾತ್ರ. ಹುಲಿಕಲ್ ಘಾಟಿಯ ತಿರುವುಗಳಲ್ಲಾಗಲಿ, ಕೊಲ್ಲೂರಿನಿಂದ ಕಟ್ಟಿನಹೊಳೆಯ ಮೂಲಕ 1343 ಮೀಟರ್ ಎತ್ತರದ ಕೊಡಚಾದ್ರಿಗೆ ಏರುವ ಕೆಸರುದಾರಿಯಲ್ಲಾಗಲಿ ಇದರ ಅರ್ಥವೇನೆಂಬುದನ್ನು ವಿವರಿಸಬೇಕಾದುದಿಲ್ಲ.

ಈ ನಾಡಿನಲ್ಲಿ ಆಯಿಲು ಸೋರುವುದಕ್ಕೆ ಕಾರಣಗಳು ಹೇರಳ. ಬ್ರೇಕ್ ಆಯಿಲಿಗೆ ಗಾಳಿಯ ತೇವವನ್ನು ಹೀರುವ ಸ್ವಭಾವವುಂಟು. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಸುರಿಯುವ ಈ ಕರಾವಳಿಯಲ್ಲಿ ಅದಕ್ಕೆ ತೇವದ ಕೊರತೆಯೆಲ್ಲಿ? ಒಳಗಿನಿಂದ ಆ ನೀರು ಸಿಲಿಂಡರಿನ ಭಿತ್ತಿಯನ್ನು ಕೊರೆಯುತ್ತಿದ್ದರೆ, ಹೊರಗಿನಿಂದ ಉಪ್ಪುಗಾಳಿಯು ಪೈಪನ್ನು ತಿನ್ನುತ್ತದೆ. ಮರವಂತೆಯಲ್ಲಿ ಹೆದ್ದಾರಿಯ ಒಂದು ಮಗ್ಗುಲಿಗೆ ಸೌಪರ್ಣಿಕೆ, ಇನ್ನೊಂದು ಮಗ್ಗುಲಿಗೆ ಕಡಲು. ಗಂಗೊಳ್ಳಿಯಿಂದ ಹೊರಟ ಮೀನಿನ ಲಾರಿಗಳಿಂದಲಂತೂ ಮಂಜುಗಡ್ಡೆ ಕರಗಿದ ಉಪ್ಪುನೀರು ಅವುಗಳ ಚಾಸಿಯ ಮೇಲೆಯೇ ತೊಟ್ಟಿಕ್ಕುತ್ತದೆ.

ಇಷ್ಟಾಗಿಯೂ ಕಷ್ಟವಿರುವುದು ಸೋರಿಕೆಯಲ್ಲಿ ಅಲ್ಲ, ಅದನ್ನು ಹುಡುಕುವುದರಲ್ಲಿ. ಎಂಜಿನ್ ಆಯಿಲು ನೆಲಕ್ಕೆ ಬಿದ್ದರೆ ಮಳೆನೀರಿನ ಮೇಲೆ ಕಾಮನಬಿಲ್ಲಿನ ಬಣ್ಣವಾಗಿ ತೇಲಿ ತನ್ನ ಸುದ್ದಿಯನ್ನು ತಾನೇ ಹೇಳುತ್ತದೆ. ಬ್ರೇಕ್ ಆಯಿಲಾದರೋ ನೀರಿನಲ್ಲಿ ಪೂರ್ಣವಾಗಿ ಬೆರೆತುಹೋಗುವುದರಿಂದ, ಮಳೆಗಾಲದ ಅಂಗಳದಲ್ಲಿ ಅದರ ಗುರುತೇ ಉಳಿಯುವುದಿಲ್ಲ. ಕುಂದಾಪುರದ ಗ್ಯಾರೇಜೊಂದಕ್ಕೆ ಕೊಲ್ಲೂರಿನ ಕಡೆಯ ಹಳೆಯ ಜೀಪೊಂದು ಬಂದಿದ್ದುದನ್ನು ನಾನು ಕಂಡಿದ್ದೇನೆ. “ಆಯಿಲ್ ಎಲ್ಲಿಗ್ ಹೋತ್ತ್ ಅಂದೇಳಿ ಗೊತ್ತಾತಿಲ್ಲೆ ಮಾರಾಯ್ರೆ” ಎಂದು ಚಾಲಕನು ಹೇಳಿದನು. ವಯಸ್ಸಾದ ಮೇಸ್ತ್ರಿಯು ಅವಸರಪಡಲಿಲ್ಲ. ಚಾಲಕನ ಪಾದದಡಿಯ ತಗಡನ್ನು ತೆಗೆದು, ಅದರ ಕೆಳಗೆ ಅಡಗಿದ್ದ ಮಾಸ್ಟರ್ ಸಿಲಿಂಡರಿನ ಆಯಿಲಿನ ಮಟ್ಟವನ್ನು ನೋಡಿದನು. ಲೈನರು ಸವೆದರೂ ಮಟ್ಟವು ತುಸು ಇಳಿಯುವುದುಂಟಾದುದರಿಂದ ಮೊದಲು ಅದನ್ನು ಪರೀಕ್ಷಿಸಿದನು. ಲೈನರು ದಪ್ಪವಾಗಿಯೇ ಇತ್ತು. ನಾಲ್ಕು ಡ್ರಮ್ಮುಗಳನ್ನೂ ಬಿಚ್ಚಿ, ಪ್ರತಿ ವೀಲ್ ಸಿಲಿಂಡರಿನ ರಬ್ಬರ್ ಹೊದಿಕೆಯ ಅಂಚನ್ನು ಎತ್ತಿದನು, ಏಕೆಂದರೆ ಬಕೆಟು ದಾಟಿ ಬಂದ ಆಯಿಲನ್ನು ಆ ಹೊದಿಕೆಯು ಬಹುದಿನ ಬಚ್ಚಿಟ್ಟುಕೊಳ್ಳಬಲ್ಲುದು. ಎಲ್ಲವೂ ಒಣಗಿತ್ತು.

ಆಮೇಲೆ ಅವನು ಪೈಪುಗಳನ್ನೆಲ್ಲ ಒರೆಸಿ, ಅಡಿಯಲ್ಲಿ ಹಳೆಯ ವರ್ತಮಾನಪತ್ರಿಕೆಗಳನ್ನು ಹಾಸಿ, ಹುಡುಗನನ್ನು ಪೆಡಲಿನ ಮೇಲೆ ಪೂರ್ಣ ಬಲದಿಂದ ತುಳಿದು ನಿಲ್ಲುವಂತೆ ಹೇಳಿ, ತಾನು ಕೆಳಗೆ ಮಲಗಿದನು. ಪತ್ರಿಕೆಯ ಮೇಲೆ ಒಂದು ಹನಿಯೂ ಬೀಳಲಿಲ್ಲ. ಆದರೆ ಹಿಂದಿನ ಆಕ್ಸಲ್ಲಿಗೆ ಹೋಗುವ ಪೈಪನ್ನು ಚಾಸಿಗೆ ಬಂಧಿಸಿದ್ದ ಕ್ಲಿಪ್ಪಿನ ಬಳಿ ಬಣ್ಣವು ಬೊಬ್ಬೆಯೆದ್ದಿತ್ತು. ಬ್ರೇಕ್ ಆಯಿಲು ಬಣ್ಣವನ್ನು ಕೀಳುತ್ತದೆಂಬುದನ್ನು ಬಲ್ಲ ಮೇಸ್ತ್ರಿಯು ಕ್ಲಿಪ್ಪನ್ನು ಬಿಚ್ಚಿದಾಗ, ಅದರೊಳಗೆ ಕೊಡಚಾದ್ರಿಯ ಕೆಂಪು ಮಣ್ಣು ಗಟ್ಟಿಯಾಗಿ ಜಡಿದುಕೊಂಡಿತ್ತು. ಆ ಮಣ್ಣು ವರ್ಷಗಟ್ಟಲೆ ತೇವವನ್ನು ಹಿಡಿದಿಟ್ಟು ಪೈಪಿಗೆ ತುಕ್ಕು ಹಿಡಿಸಿ, ಸೂಜಿಮೊನೆಯಷ್ಟು ರಂಧ್ರವನ್ನು ಮಾಡಿ, ಜೋರಾಗಿ ತುಳಿದಾಗ ಮಾತ್ರ ಜಿನುಗುತ್ತಿದ್ದ ಆಯಿಲನ್ನು ತಾನೇ ಹೀರಿಕೊಳ್ಳುತ್ತಿತ್ತು. ಪೈಪನ್ನು ಬದಲಿಸಿ, ನಿಪ್ಪಲ್ ಸಡಿಲಿಸಿ, ಮಾಸ್ಟರ್ ಸಿಲಿಂಡರಿಗೆ ಅತಿ ದೂರದ ಚಕ್ರದಿಂದ ಆರಂಭಿಸಿ ಏರ್ ತೆಗೆದ ಮೇಲೆ ಪೆಡಲು ಕಲ್ಲಿನಂತೆ ನಿಂತಿತು.

ಬೂಸ್ಟರ್ ಇರುವ ಈಚಿನ ವಾಹನಗಳಲ್ಲಿ ಮಾಸ್ಟರ್ ಸಿಲಿಂಡರಿನ ಹಿಂದಿನ ಬಕೆಟು ಕೆಟ್ಟರೆ ಆಯಿಲು ಬೂಸ್ಟರಿನೊಳಕ್ಕೇ ಇಳಿದು ಅಡಗುವುದರಿಂದ ಶೋಧವು ಇನ್ನಷ್ಟು ಸೂಕ್ಷ್ಮವಾಗುತ್ತದೆ. ಅಂಗಡಿಯಲ್ಲಿ ಸಿಕ್ಕಿದ ಎಂಜಿನ್ ಆಯಿಲನ್ನು ತುರ್ತಿಗೆಂದು ಸುರಿದವರ ಗಾಡಿಯ ರಬ್ಬರುಗಳೆಲ್ಲ ಉಬ್ಬಿ ನಾಶವಾಗುವುದನ್ನೂ ಮೇಸ್ತ್ರಿಗಳು ಬಲ್ಲರು. ಈ ಜ್ಞಾನವಾವುದೂ ಪುಸ್ತಕದಿಂದ ಬಂದುದಲ್ಲ. ಕ್ಲೀನರನಾಗಿ ಸೇರಿದ ಹುಡುಗನು ಗುರುವಿನ ಪಕ್ಕದಲ್ಲಿ ಮಲಗಿ, ಬೆರಳಿಗಂಟಿದ ದ್ರವವು ನೀರಿನಲ್ಲಿ ಕರಗುವುದೋ ಇಲ್ಲವೋ ಎಂದು ನೋಡಿ ಕಲಿತುದು.

ಆದುದರಿಂದ ಹಳೆಯ ವಾಹನವುಳ್ಳವರಲ್ಲಿ ನನ್ನ ವಿಜ್ಞಾಪನೆಯಿಷ್ಟು: ಆಯಿಲಿನ ಮಟ್ಟ ಇಳಿದರೆ ಮತ್ತೆ ಸುರಿದು ಸುಮ್ಮನಾಗಬೇಡಿ, ಅದು ಹೋದ ದಾರಿಯನ್ನು ಹುಡುಕಿಸಿ. ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಕಾಲೇಜುಗಳಲ್ಲಿ ಇತಿಹಾಸ ಬೋಧಿಸುವವರು ತಮ್ಮ ವಿದ್ಯಾರ್ಥಿಗಳನ್ನು ಈ ಹಿರಿಯ ಮೇಸ್ತ್ರಿಗಳ ಬಳಿಗೆ ಕಳುಹಿಸಿ, ಅವರು ಹೇಳುವುದನ್ನು ಅವರು ಇರುವಾಗಲೇ ಬರೆಯಿಸಿಕೊಳ್ಳಬೇಕು.